ಲೂಮಿರ್ ಕುಬಿಚೆಕ್ ಕುರ್ಚಿ ಬಿಟ್ಟು ಎದ್ದದ್ದು

ಲೂಮಿರ್ ಕುಬಿಚೆಕ್ ತನ್ನ ಸಾರ್ವಜನಿಕ ಜೀವನದಲ್ಲಿ ಮಾಡಿದ ಕೆಲಸ ಮುಖ್ಯವಾಗಿ ಒಂದೇ: ಕುರ್ಚಿಯಿಂದ ಎದ್ದು ಹೊರಗೆ ಹೋಗುವುದು. ಇದನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಮಾಡುತ್ತಿದ್ದನೆಂದರೆ ಜನ ಅವನನ್ನೇ ಮತ್ತೆ ಮತ್ತೆ ಆರಿಸಿ ಕಳಿಸುತ್ತಿದ್ದರು.

ನೆಬ್ರಾಸ್ಕಾದ ನಮ್ಮ ಕೌಂಟಿಯಲ್ಲಿ ಸರ್ಕಾರದ ಕೃಷಿ ಸಹಾಯಧನ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂಬ ತಕರಾರು ಬಂದರೆ ತೀರ್ಮಾನ ಮಾಡಲು ಮೂವರ ಕಮಿಟಿ ಇದೆ. ಮೂವರೂ ರೈತರು, ರೈತರೇ ಆರಿಸಿದವರು. ವಾಷಿಂಗ್ಟನ್ನಿನಲ್ಲಿ ಕೂತು ಈ ಏರ್ಪಾಡು ಮಾಡಿದ ಪುಣ್ಯಾತ್ಮರು, ನೆರೆಯವರ ಹೊಲದ ಸಂಗತಿ ನೆರೆಯವರಿಗೇ ಚೆನ್ನಾಗಿ ಗೊತ್ತಿರುತ್ತದೆ ಎಂದುಕೊಂಡಿದ್ದರು. ಅದು ನಿಜವೇ. ಆದರೆ ಅದೇ ನಿಯಮದಲ್ಲಿ, ನೆಂಟರ ಫೈಲು ಬಂದಾಗ ಆ ಸದಸ್ಯ ಕೋಣೆಯಲ್ಲಿ ಇರಕೂಡದು ಎಂದೂ ಬರೆದುಬಿಟ್ಟರು. ನಮ್ಮ ಕೌಂಟಿ ಪೂರ್ತಿ ಚೆಕ್ ಜನರದು. ಕಡಲಾಚೆಯ ತಮ್ಮ ದೇಶ ಬೊಹೀಮಿಯಾದಿಂದ ಬಂದಿಳಿದ ಹತ್ತಾರು ಮನೆಯವರು ನೂರು ವರ್ಷದಿಂದ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದುಕೊಂಡಿದ್ದಾರೆ. ಇಲ್ಲಿ ಯಾರನ್ನಾದರೂ ಬಯ್ಯಬೇಕಾದರೆ ಮೊದಲು ಎದುರಿಗೆ ಕೂತವನ ತಾಯಿ ಯಾವ ಮನೆಯವಳೆಂದು ನೆನಪು ಮಾಡಿಕೊಳ್ಳಬೇಕು.

ಹೀಗಾಗಿ ಕಮಿಟಿಯ ಸಭೆಯೆಂದರೆ ಒಬ್ಬರಾದ ಮೇಲೆ ಒಬ್ಬರು ಎದ್ದು ಹೋಗಿ ಬಂದು ಮಾಡುವುದೇ ಆಗಿತ್ತು. ಲೂಮಿರನ ತಾಯಿ ಸೆಡ್ಲಾಚೆಕ್ ಮನೆಯವಳು. ಆ ಮನೆಯಲ್ಲಿ ಹನ್ನೊಂದು ಹೆಣ್ಣುಮಕ್ಕಳು ಹುಟ್ಟಿ ಹನ್ನೊಂದು ದಿಕ್ಕಿಗೆ ಸೊಸೆಯರಾಗಿ ಹೋಗಿದ್ದರು. ಆದ್ದರಿಂದ ಅವನು ಒಳಗೆ ಕೂತದ್ದಕ್ಕಿಂತ ಹೊರಗೆ ಕಾರಿಡಾರಿನಲ್ಲಿ ನಿಂತದ್ದೇ ಹೆಚ್ಚು. ಅಲ್ಲಿ ತಂಪು ಪಾನೀಯದ ಯಂತ್ರವೊಂದು ಗುರ್ ಎನ್ನುತ್ತ ನಿಂತಿರುತ್ತಿತ್ತು. ಗೋಡೆಯ ಮೇಲೆ ಹೊಲ ಕೆಡಿಸುವ ಕಳೆಗಿಡಗಳ ಚಿತ್ರಪಟ. ಹದಿನೆಂಟು ವರ್ಷ ಆ ಪಟ ನೋಡಿ ನೋಡಿ ಅವನಿಗೆ ಕಳೆಗಳ ಮೇಲೆ ಒಂದು ತರಹದ ವಿಶ್ವಾಸವೇ ಹುಟ್ಟಿತ್ತು.

ಉಳಿದ ಇಬ್ಬರೂ ಎದ್ದು ಹೋಗುವುದರಲ್ಲಿ ಅವನಷ್ಟು ಶಿಸ್ತಿನವರಲ್ಲ. ಎರ್ವಿನ್ ಪೋಸ್ಪಿಶಿಲ್ ಮುದುಕ, ಅವನಿಗೆ ಮೊಣಕಾಲು ನೋವು. ದೂರದ ಸಂಬಂಧವೆಲ್ಲ ಅವನಿಗೆ ಮರೆತೇ ಹೋಗಿರುತ್ತಿತ್ತು. ಡ್ವೇನ್ ಹಾವ್ಲಾಟ್ ಗಟ್ಟಿಗ. ಸುತ್ತಮುತ್ತ ಯಾವ ಹೊಲ ಬಿಕರಿಗೆ ಬಂದರೂ ಗುತ್ತಿಗೆಗೆ ಬಂದರೂ ಅವನ ಟ್ರ್ಯಾಕ್ಟರು ಅಲ್ಲಿ ಮೊದಲು ಹೋಗಿ ನಿಂತಿರುತ್ತಿತ್ತು. ಲೂಮಿರ್ ಮಾತ್ರ ತಾಯಿಯ ಚಿಕ್ಕಮ್ಮನ ಮೊಮ್ಮಗನ ಫೈಲು ಬಂದರೂ ಟೋಪಿ ಎತ್ತಿಕೊಂಡು ಎದ್ದೇ ಬಿಡುತ್ತಿದ್ದ. ಅವನು ಎದ್ದ ಅಂದರೆ ಸಂಬಂಧ ಇದೆ, ಕೂತ ಅಂದರೆ ಇಲ್ಲ. ಹೆಣ್ಣು ಗಂಡು ನೋಡುವ ಮನೆಯವರು ಕೂಡ ಅನುಮಾನ ಬಂದಾಗ, 'ಲೂಮಿರ್ ಅವರ ಫೈಲಿಗೆ ಎದ್ದಿದ್ನಾ?' ಎಂದು ವಿಚಾರಿಸುವುದಿತ್ತು.

ಅವನಿಗೆ ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದರೆ ಹೇಳಿಕೊಳ್ಳುವಂಥ ಕಥೆಯೇನೂ ಇಲ್ಲ. ಒಂದು ವರ್ಷ ತಂದೆಗೆ ಹುಷಾರಿರಲಿಲ್ಲ, ಆಮೇಲೆ ಹಸುಗಳಿಗೆ ಹುಷಾರಿರಲಿಲ್ಲ, ಅಷ್ಟರಲ್ಲಿ ಅವನಿಗೆ ಐವತ್ತೆಂಟಾಯಿತು. ಗೋಧಿ, ಜೋಳ, ಒಂದಿಷ್ಟು ದನ, ಭಾನುವಾರ ಚರ್ಚು, ಚಳಿಗಾಲದಲ್ಲಿ ಇಸ್ಪೀಟು. ಮಾತು ಕಡಿಮೆ. ಆಡಿದ ಮಾತೂ ಹೆಚ್ಚಾಗಿ ಮೋಡದ ವಿಷಯ.

ಅಲ್ಬೀನಾ ಸ್ವೊಬೊಡಾಳ ಗಂಡ ಫ್ರ್ಯಾಂಕ್ ತೀರಿಕೊಂಡಾಗ ಎಲ್ಲರಂತೆ ಲೂಮಿರನೂ ಒಂದು ಬಟ್ಟಲು ತಿಂಡಿ ಒಯ್ದುಕೊಟ್ಟಿದ್ದ. ಅಂಗಡಿಯಿಂದ ತಂದ ಆಲೂಗಡ್ಡೆ ಸಲಾಡು. ತಾಯಿಯ ಗಾಜಿನ ಬಟ್ಟಲಿಗೆ ಸುರುವಿದ್ದಷ್ಟೇ ಅವನ ಕೈಕೆಲಸ. ತಿಂಗಳಾದ ಮೇಲೆ ಅಲ್ಬೀನಾ ಆ ಬಟ್ಟಲಿನ ಜೊತೆಗೆ ತನ್ನ ತಟ್ಟೆಯೊಂದರಲ್ಲಿ ಗಸಗಸೆ ಹೂರಣದ ಬನ್ನು, ನಮ್ಮ ಕಡೆಯ ಕೊಲಾಚಿ, ಇಟ್ಟು ಕಳಿಸಿದಳು. ತಟ್ಟೆ ಅವಳದು. ಖಾಲಿ ತಟ್ಟೆ ಹಿಂದಿರುಗಿಸುವುದು ಹೇಗೆ? ಲೂಮಿರ್ ಅದನ್ನು ಟೊಮೆಟೊ ಬುಟ್ಟಿಯ ಮೇಲೆ ಇಟ್ಟು ಕೊಟ್ಟುಬಂದ. ಬುಟ್ಟಿ ಅವನದು. ಅದು ಮೊಟ್ಟೆ ತುಂಬಿಕೊಂಡು ಬಂತು. ಮೊಟ್ಟೆಯ ಕೆಳಗೆ ಹಾಸಿದ್ದ ಟವೆಲು ಅವಳದು. ಹೀಗೆ ಮೂರು ವರ್ಷದಿಂದ ಇಬ್ಬರ ನಡುವೆ ಲೆಕ್ಕ ಚುಕ್ತಾ ಆಗಿರಲಿಲ್ಲ. ಆಗದಿರಲೆಂದೇ ಇಬ್ಬರೂ ಶ್ರಮಪಡುತ್ತಿದ್ದರು. ಭಾನುವಾರ ಚರ್ಚಾದ ಮೇಲೆ ಅವನು ಪಾತ್ರೆ ಕೊಡಲು ಹೋಗುವುದು, ಹೋದವನು ಅವಳ ಪಂಪೋ ಟ್ರ್ಯಾಕ್ಟರೋ ರಿಪೇರಿ ಮಾಡುವುದು, ಅವಳು ಕಾಫಿ ಹಾಕುವುದು. ಮೋಡದ ವಿಷಯ ಮಾತಾಡುವುದು. ಆ ಎರಡು ಗಂಟೆ ಅವನ ವಾರದಲ್ಲೆಲ್ಲ ಒಳ್ಳೆಯ ಹೊತ್ತು ಎಂದು ಅವನಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳುವುದು ಗೊತ್ತಿರಲಿಲ್ಲ.

ಫ್ರ್ಯಾಂಕನ ಆಸ್ತಿಯ ವ್ಯವಹಾರ ಮುಗಿದು ಹೊಲ ಅಲ್ಬೀನಾಳ ಹೆಸರಿಗೆ ಬಂದಾಗ ತಕರಾರು ಶುರುವಾಯಿತು. ಸ್ವಂತ ಮೈ ಬಗ್ಗಿಸಿ ದುಡಿಯುವ, ಇಲ್ಲವೇ ಸ್ವಂತ ಬುದ್ಧಿಯಿಂದ ಬೇಸಾಯ ನಡೆಸುವ ರೈತರಿಗಷ್ಟೇ ಸಹಾಯಧನ ಎಂಬುದು ನಿಯಮ. ಅಲ್ಬೀನಾ ಬೇಸಾಯಗಾರ್ತಿಯೋ, ಬರೀ ಹೊಲದ ಒಡತಿಯೋ ಎಂದು ಡ್ವೇನ್ ಪ್ರಶ್ನೆ ಎತ್ತಿದ. ಎಲ್ಲ ಕಾಗದದಲ್ಲೂ ಫ್ರ್ಯಾಂಕನ ಹೆಸರೇ ಇತ್ತು. ಮೂವತ್ತು ವರ್ಷ ಅವಳು ಓಡಿಸಿದ ಲಾರಿ, ಮೇಯಿಸಿದ ದನ, ಯಾವ ಹೊಲಕ್ಕೆ ಏನು ಬಿತ್ತಬೇಕೆಂದು ಊಟದ ಮೇಜಿನ ಮುಂದೆ ಕೂತು ಹೇಳಿದ ಮಾತು, ಇವಕ್ಕೆ ರಸೀದಿ ಇರಲಿಲ್ಲ. ಆ ವರ್ಷ ಮೆಕ್ಕೆಜೋಳದ ಬೆಲೆ ನೆಲ ಕಚ್ಚಿತ್ತು. ಸಹಾಯಧನ ತಪ್ಪಿದರೆ ಅವಳು ಹೊಲವನ್ನು ಗುತ್ತಿಗೆಗೆ ಕೊಟ್ಟು ಟೌನಿಗೆ ಹೋಗಿ ಕೂರಬೇಕು. ಗುತ್ತಿಗೆಗೆ ಕೇಳುವವನು ಬೇಲಿಯಾಚೆಗೇ ಇದ್ದ. ಅವನ ಹೆಸರು ಡ್ವೇನ್ ಹಾವ್ಲಾಟ್.

ಸಭೆಗೆ ಮುಂಚಿನ ಭಾನುವಾರ ಅಲ್ಬೀನಾ ಕಾಫಿ ಬಗ್ಗಿಸುತ್ತ ಅಂದಳು:

"ಬುಧವಾರ ನಂದು ಬರುತ್ತಂತೆ."

"ಹ್ಞೂಂ."

"ಡ್ವೇನ್ ಬೇಡ ಅಂತಾನೆ. ಎರ್ವಿನ್ ಆ ಹೊತ್ತಿಗೆ ಎಚ್ಚರ ಇದ್ರೆ ಹ್ಞೂಂ ಅಂತಾನೆ. ನಿಂದು ಒಂದು ವೋಟಿದೆಯಲ್ಲ, ಅದೇ ಧೈರ್ಯ."

ಲೂಮಿರ್ ಮೋಡ ಕಾಣುತ್ತದೋ ಎಂದು ಕಿಟಕಿಯ ಕಡೆ ನೋಡಿದ. ಒಂದೂ ಇರಲಿಲ್ಲ.

ಮನೆಗೆ ಬಂದವನು ಓಮಾಹಾದಲ್ಲಿದ್ದ ಅಕ್ಕ ರೋಸಲಿಗೆ ಫೋನು ಮಾಡಿದ. ಹಬ್ಬವಿಲ್ಲದ ದಿನ ತಮ್ಮನ ಫೋನು ಬಂದದ್ದಕ್ಕೆ ಅವಳು ಗಾಬರಿಯಾಗಿ ಯಾರು ಸತ್ತರು ಎಂದು ಕೇಳಿದಳು. ಯಾರೂ ಸತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅವನು ವಿಷಯ ಹೇಳಿದ.

"ಅಲ್ವೋ, ಅವಳು ನಿನಗೆ ಏನಾಗ್ಬೇಕು?" ಅಂದಳು ರೋಸಲಿ.

"ಏನೂ ಆಗ್ಬೇಕಾಗಿಲ್ಲ."

"ಹಾಗಾದ್ರೆ ಕೂತ್ಕೊಂಡು ಕೈ ಎತ್ತು. ಕಷ್ಟ ಏನು?"

"ಕೂತ್ಕೊಳೋಕ್ ಆಗಲ್ಲ."

"ಯಾಕಾಗಲ್ಲ?"

ನಿಮ್ಮ ಕಡೆ ಮೋಡ ಹೇಗಿದೆ ಎಂದು ಲೂಮಿರ್ ಕೇಳಿದ. ರೋಸಲಿ ಹೆಂಗಸು, ಅದರಲ್ಲೂ ಅಕ್ಕ. ಅವಳಿಗೆ ಅರ್ಥವಾಯಿತು.

"ಅಯ್ಯೋ ದೇವರೇ," ಅಂದಳು. "ಅವಳಿಗೆ ಹೇಳಿದ್ದೀಯಾ?"

"ಇಲ್ಲ."

"ಸರಿ ಬಿಡು. ನೀನು ಎದ್ದು ಹೋದ್ರೆ ಅವಳ ಹೊಲ ಹೋಗತ್ತೆ. ಕೂತ್ರೆ ನೀನು ಸುಳ್ಳು ಹೇಳಿದ ಹಾಗಾಗತ್ತೆ. ನನ್ ಮಾತು ಕೇಳು, ಈ ಒಂದು ಸಲ ಬಾಯಿ ಮುಚ್ಕೊಂಡು ಸುಳ್ಳು ಹೇಳು. ಬಾಯಿ ಮುಚ್ಚೋದು ನಿನಗೆ ಹೊಸದೇನಲ್ಲ."

ಅಕ್ಕನ ಮಾತು ಅವನಿಗೆ ಸರಿಯೆನಿಸಿತು. ಕೂರುವುದೆಂದು ತೀರ್ಮಾನಿಸಿದ.

ಬುಧವಾರ ಅಲ್ಬೀನಾ ಚರ್ಚಿಗೆ ಉಡುವ ನೀಲಿ ಉಡುಪಿನಲ್ಲಿ, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಕೂತಿದ್ದಳು. ಕಚೇರಿಯ ಅಧಿಕಾರಿ ಗ್ರೆಗ್ ಲಿಂಡ್‌ಕ್ವಿಸ್ಟ್ ಫೈಲು ಬಿಚ್ಚಿದ. ಈ ಗ್ರೆಗ್ ಸ್ವೀಡಿಷ್ ಜನರ ಕಡೆಯವನು, ಮೂರು ಕೌಂಟಿ ಆಚೆಯವನು. ಇಲ್ಲಿ ಯಾರಿಗೂ ನೆಂಟನಲ್ಲ, ವೋಟೂ ಇಲ್ಲ. ಸಭೆಯ ನಡಾವಳಿ ಬರೆಯುವುದು ಅವನ ಕೆಲಸ. ಪ್ರತಿ ಫೈಲಿಗೂ ಕೇಳುವಂತೆ, "ಯಾರಿಗಾದ್ರೂ ಸಂಬಂಧ ಇದೆಯಾ?" ಎಂದು ಕೇಳಿ ಲೂಮಿರನ ಮುಖ ನೋಡಿದ. ಲೂಮಿರ್ ಕುರ್ಚಿಯ ಕೈ ಹಿಡಿದುಕೊಂಡು ಕೂತೇ ಇದ್ದ. ಗ್ರೆಗ್ ಮುಂದುವರಿದ.

ಡ್ವೇನ್ ಗಂಟಲು ಸರಿಮಾಡಿಕೊಂಡ.

"ಅಲ್ಬೀನಾ, ಬೇಜಾರು ಮಾಡ್ಕೋಬೇಡ, ನಿಯಮಕ್ಕೆ ಕೇಳ್ತಿದ್ದೀನಿ. ನಿನ್ನ ಗೋಧಿ ಕಟಾವು ಮಾಡೋದು ಯಾರು?"

"ಟೆಕ್ಸಸ್ ಕಡೆಯಿಂದ ಬರೋ ಕಟಾವಿನವರು. ನಿಮ್ಮ ಹೊಲ ಮುಗಿಸಿ ನಮ್ಮ ಹೊಲಕ್ಕೆ ಬರ್ತಾರಲ್ಲ, ಅವರೇ. ಕಾಳು ಹೇರೋ ಲಾರಿ ಓಡಿಸೋಳು ನಾನು."

"ಔಷಧಿ ಹೊಡೆಯೋದು?"

"ಸೊಸೈಟಿಯವರು. ನಿನಗೂ ಅವರೇ ಹೊಡೀತಾರೆ, ನಾನು ಕಿಟಕಿಯಿಂದ ನೋಡ್ತಿರ್ತೀನಿ."

"ಬಿತ್ತೋದು?"

"ನಾನು."

"ಟ್ರ್ಯಾಕ್ಟರ್ ಕೆಟ್ರೆ ಏನ್ ಮಾಡ್ತೀಯಾ?"

"ಬಯ್ತೀನಿ."

ಎರ್ವಿನ್ ನಕ್ಕ. ಅವನಿಗೆ ಎಚ್ಚರವಿತ್ತು.

"ಬೈದ ಮೇಲೆ?" ಅಂದ ಡ್ವೇನ್.

"ಬೈದ್ರೂ ಸರಿಹೋಗ್ಲಿಲ್ಲ ಅಂದ್ರೆ ಲೂಮಿರ್ ಬರ್ತಾನೆ."

"ಕೂಲಿ ಎಷ್ಟು ಕೊಡ್ತೀಯಾ?"

"ಕಾಫಿ ಕೊಡ್ತೀನಿ."

"ಕೂಲಿ ಇಲ್ದೆ ವಾರ ವಾರ ಬಂದು ದುಡೀತಾನೆ ಅಂದ್ರೆ," ಡ್ವೇನ್ ಕುರ್ಚಿಗೆ ಒರಗಿ ಕೇಳಿದ, "ಲೂಮಿರ್ ನಿನಗೆ ಏನಾಗ್ಬೇಕು?"

ಅಲ್ಬೀನಾಳಿಗೆ ಈ ಪ್ರಶ್ನೆಯ ಹೊಂಡ ಎಲ್ಲಿದೆಯೆಂದು ಗೊತ್ತಿತ್ತು. ಸುತ್ತು ಹಾಕಿ ದಾಟಿದಳು.

"ನೆರೆಯವನು. ಇನ್ನೇನು?"

ಜಾಣ ಉತ್ತರವೇ. ನೆರೆಯವರು ಎದ್ದು ಹೋಗಬೇಕೆಂದು ಯಾವ ನಿಯಮವೂ ಇಲ್ಲ. ಇನ್ನೆರಡು ನಿಮಿಷ ಲೂಮಿರ್ ತೆಪ್ಪಗೆ ಕೂತಿದ್ದರೆ ವೋಟಾಗುತ್ತಿತ್ತು, ಹೊಲ ಉಳಿಯುತ್ತಿತ್ತು. ಆದರೆ 'ನೆರೆಯವನು' ಎಂಬ ಮಾತು ಅವಳ ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ಅವನಿಗೆ ಎಲ್ಲೋ ತಗುಲಿತು. ನೋವಾಯಿತು ಎಂದೇ ಹೇಳಬೇಕು. ಅದು ಮನಸ್ಸಿಗೆ ತಿಳಿಯುವ ಮೊದಲೇ ಕಾಲು ತನ್ನ ಅಭ್ಯಾಸದ ಕೆಲಸ ಮಾಡಿಬಿಟ್ಟಿತು. ಲೂಮಿರ್ ಎದ್ದು ನಿಂತಿದ್ದ, ಟೋಪಿ ಕೈಯಲ್ಲಿತ್ತು.

ಗ್ರೆಗ್ ನಡಾವಳಿಯ ಪುಸ್ತಕಕ್ಕೆ ಕೈ ಹಾಕಿದ.

"ಲೂಮಿರ್," ಅಂದಳು ಅಲ್ಬೀನಾ, ಮೆಲ್ಲಗೆ. "ಕೂತ್ಕೋ."

ಅವನು ಕೂರಲಿಲ್ಲ. ಎಂದಿನಂತೆ ಕುರ್ಚಿಯನ್ನು ಮೇಜಿನಡಿಗೆ ತಳ್ಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೊರಗೆ ಹೋದ.

ಕಾರಿಡಾರಿನಲ್ಲಿ ಯಂತ್ರ ಗುರ್ ಎನ್ನುತ್ತಿತ್ತು. ಕಳೆಗಿಡಗಳೂ ಅವನ ಕಣ್ಣಿಗೆ ಕಾಣಲಿಲ್ಲ. ಅವಳ ಹೊಲ ನಾನೇ ಕೈಯಾರೆ ಕಳೆದೆ ಎಂದುಕೊಂಡ. ಹೀಗೇ ಒಳಗೆ ಓಡಿಹೋಗಿ ಕೂತುಬಿಡೋಣವೇ ಎಂದೂ ಅನ್ನಿಸಿತು, ಆದರೆ ಎದ್ದು ಹೋದವನು ಫೈಲು ಮುಗಿಯುವ ಮೊದಲೇ ಮರಳಿ ಬಂದು ಕೂತದ್ದು ಆ ಕೌಂಟಿಯ ಚರಿತ್ರೆಯಲ್ಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಡ್ವೇನ್ ಹೊರಗೆ ಬಂದ. ಯಂತ್ರದ ಇನ್ನೊಂದು ಮಗ್ಗುಲಿಗೆ ಹೋಗಿ ನಿಂತುಕೊಂಡ. ಅವನ ಕಿವಿ ಕೆಂಪಗಾಗಿತ್ತು.

"ನೀನ್ಯಾಕೆ ಬಂದೆ?" ಅಂದ ಲೂಮಿರ್.

"ಎರ್ವಿನ್ ಕೇಳ್ದ. ಅವಳ ಹೊಲ ಗುತ್ತಿಗೆಗೆ ಕೊಡು ಅಂತ ನಾನು ಅವಳನ್ನ ಕೇಳಿದ್ದೀನಾ ಅಂತ."

"ಏನಂದೆ?"

"ಏನಂತ ಅನ್ನೋದು? ನಾನು ಕೇಳಿದ್ದು ಅವಳನ್ನೇ, ಅವಳು ಎದುರಿಗೇ ಕೂತಿದ್ದಾಳೆ." ಡ್ವೇನ್ ಕಾಸು ಹಾಕಿ ಒಂದು ಬಾಟಲಿ ತೆಗೆದುಕೊಂಡ, ಕುಡಿಯಲಿಲ್ಲ. "ಎಲ್ಲ ನಿನ್ನಿಂದ. ನೀನು ಸುಮ್ನೆ ಕೂತಿದ್ರೆ ನಾನೂ ಸುಮ್ನೆ ಕೂತಿರ್ತಿದ್ದೆ. ಒಬ್ಬ ಎದ್ದು ನಿಂತ್ರೆ ಕೂತವರ ಕೆಳಗೆ ಬೆಂಕಿ ಇಟ್ಟ ಹಾಗಾಗತ್ತಪ್ಪ."

ಅಷ್ಟರಲ್ಲಿ ಬಾಗಿಲು ಇನ್ನೊಮ್ಮೆ ತೆರೆಯಿತು. ಎರ್ವಿನ್ ಗೋಡೆ ಹಿಡಿದುಕೊಂಡು, ಮೊಣಕಾಲಿಗೆ ಶಾಪ ಹಾಕುತ್ತ ಬಂದ.

"ನಿನಗೇನಾಯ್ತೋ?" ಅಂದ ಡ್ವೇನ್.

"ಫ್ರ್ಯಾಂಕನ ಅಜ್ಜಿ, ನಮ್ಮಜ್ಜಿ, ಅಕ್ಕತಂಗೇರ ಮಕ್ಕಳು."

"ಯಾವತ್ತಿಂದ?"

"ಯಾವತ್ತಿಂದಲೂ. ಇಷ್ಟು ದಿನ ಯಾರು ಕೇಳಿದ್ರು? ನೀವಿಬ್ರು ದೊಡ್ಡ ಮನುಷ್ಯರ ಹಾಗೆ ಎದ್ದು ಬಂದ್ಬಿಟ್ರಿ. ಒಬ್ನೇ ಕೂತಿರೋಕೆ ನಂಗೆ ನಾಚಿಕೆ ಆಗಲ್ವಾ?"

ಅಷ್ಟು ದೂರದ ಸಂಬಂಧ ನಿಯಮಕ್ಕೆ ಬರುವುದೇ ಇಲ್ಲ. ಆದರೆ ಅದನ್ನು ಹೇಳಬೇಕಾದ ಅಧಿಕಾರಿ ಒಳಗೆ ಕೂತು, ಖಾಲಿಯಾದ ಮೂರು ಕುರ್ಚಿಗಳನ್ನು ನೋಡುತ್ತ, ಇಂಥ ಸಂದರ್ಭಕ್ಕೆ ಕೈಪಿಡಿಯಲ್ಲಿ ಏನು ಬರೆದಿದೆಯೆಂದು ಹುಡುಕುತ್ತಿದ್ದ. ಕೊನೆಗೆ ಅವನೂ ಎದ್ದು ಹೊರಗೆ ಬಂದ. ಹಿಂದೆಯೇ ಅಲ್ಬೀನಾ ಬಂದಳು. ಕಮಿಟಿಯ ಪೂರ್ಣ ಸಭೆ ಕಾರಿಡಾರಿನಲ್ಲಿ ಸೇರಿದ್ದು ಅದೇ ಮೊದಲು.

"ಒಟ್ನಲ್ಲಿ," ಅಂದಳು ಅಲ್ಬೀನಾ, "ನಾನು ಬೇಸಾಯ ಮಾಡ್ತೀನೋ ಇಲ್ವೋ ಅಂತ ಹೇಳೋಕೆ ಈ ಕೌಂಟಿಯಲ್ಲಿ ಒಬ್ಬ ಗಂಡಸೂ ಉಳೀಲಿಲ್ಲ."

"ಫೈಲು ಲಿಂಕನ್‌ನಲ್ಲಿರೋ ರಾಜ್ಯದ ಕಚೇರಿಗೆ ಹೋಗುತ್ತೆ ಮೇಡಂ," ಅಂದ ಗ್ರೆಗ್. "ಅಲ್ಲಿ ಇರೋರು ಯಾರಿಗೂ ಏನೂ ಆಗ್ಬೇಕಾಗಿಲ್ಲ. ಆದ್ರೆ ಇವರು ಯಾಕೆ ಎದ್ರು ಅಂತ ಒಬ್ಬೊಬ್ಬರದೂ ಕಾರಣ ಬರೆದು ಕಳಿಸ್ಬೇಕು. ಹಾವ್ಲಾಟ್ ಅವರದು ಹೊಲದ ಗುತ್ತಿಗೆ. ಪೋಸ್ಪಿಶಿಲ್ ಅವರದು ಅಜ್ಜಿ." ಪೆನ್ನು ಎತ್ತಿ ಹಿಡಿದ. "ಕುಬಿಚೆಕ್ ಅವರೇ, ನಿಮ್ಮದು?"

ನಾಲ್ಕು ಜನ ಲೂಮಿರನ ಕಡೆ ನೋಡಿದರು. ಅವನು ಟೋಪಿಯನ್ನು ಒಂದು ಸುತ್ತು ತಿರುಗಿಸಿದ. ಐವತ್ತೆಂಟು ವರ್ಷದಲ್ಲಿ ಅವನಿಗೆ ಇಷ್ಟು ಹೆದರಿಕೆ ಆದದ್ದಿಲ್ಲ. ಸುಳಿಗಾಳಿ ಬಂದು ಕೊಟ್ಟಿಗೆಯ ಸೂರು ಹಾರಿದಾಗಲೂ ಆಗಿರಲಿಲ್ಲ.

"ಸಂಬಂಧ ಈಗ ಏನೂ ಇಲ್ಲ," ಅಂದ. "ಆಗ್ಲಿ ಅಂತ ನನಗೆ ಆಸೆ."

ಗ್ರೆಗ್ ಹಾಳೆಯನ್ನು ಮೇಲಿಂದ ಕೆಳಗೆ ನೋಡಿದ.

"ಆಸೆಗೆ ಇದರಲ್ಲಿ ಕಾಲಂ ಇಲ್ಲ, ಕುಬಿಚೆಕ್ ಅವರೇ."

"ಇಲ್ವಾ?"

"'ಇತರೆ' ಅಂತ ಇದೆ. ಅದರಲ್ಲಿ ಹಾಕ್ಲಾ?"

"ಹಾಕಿ," ಅಂದ ಲೂಮಿರ್.

ಗ್ರೆಗ್ ಬರೆದ. ಪೆನ್ನಿನ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು. ಅಲ್ಬೀನಾಳ ಮುಖ ಕೆಂಪಾಗಿತ್ತು. ಅದು ಸಿಟ್ಟೋ ಮತ್ತೊಂದೋ ಎಂದು ಓದಲು ಲೂಮಿರನಿಗೆ ಧೈರ್ಯವಿರಲಿಲ್ಲ.

"ಅದರ ಕೆಳಗೆ ಇದನ್ನೂ ಬರೀರಿ," ಅಂದಳು ಗ್ರೆಗ್‌ಗೆ. "ಈ ಮಾತನ್ನ ಈತ ನನಗೆ ಇದುವರೆಗೆ ಹೇಳಿಲ್ಲ ಅಂತ. ಮೂರು ವರ್ಷ ಟೊಮೆಟೊ ತಂದುಕೊಟ್ಟ. ಬಾಯಿ ತರಲಿಲ್ಲ."

ಆಗ ಗ್ರೆಗ್‌ಗೆ, ಪಾಪ, ಉಪಕಾರ ಮಾಡುವ ಬುದ್ಧಿ ಬಂತು. ಕೈಪಿಡಿಯ ಹಾಳೆ ತಿರುವಿ ಖುಷಿಯಿಂದ ಹೇಳಿದ:

"ಮೇಡಂ, ಹಾಗೇನಾದ್ರೂ ಆದ್ರೆ ನಿಮಗೆ ಈ ರಗಳೆಯೇ ಇರಲ್ಲ. ಗಂಡ ರೈತ ಅಂತ ದಾಖಲಾಗಿದ್ರೆ ಹೆಂಡತಿ ದುಡಿದಿದ್ದನ್ನ ಬೇರೆ ತೋರಿಸ್ಬೇಕಾಗಿಲ್ಲ, ಅವರನ್ನೂ ರೈತರು ಅಂತಲೇ ತಗೋತೀವಿ. ಕುಬಿಚೆಕ್ ಅವರದು ದಾಖಲಾಗಿದೆ. ನೀವಿಬ್ರೂ ಮದುವೆ ಆಗ್ಬಿಟ್ರೆ ನಾಳೆಯೇ ಫೈಲು ಕ್ಲೋಸ್."

ಡ್ವೇನ್ ಕೂಡ ತಲೆ ತಗ್ಗಿಸಿದ. ಗ್ರೆಗ್ ಆಡಿದ್ದು ಎಂಥ ಮಾತೆಂದು ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ತಿಳಿದಿತ್ತು.

"ಮೂವತ್ತು ವರ್ಷ ಹಾಗೇ ಇದ್ದೆ," ಅಂದಳು ಅಲ್ಬೀನಾ. ದನಿ ಏರಿಸಲಿಲ್ಲ. "ಫ್ರ್ಯಾಂಕ್ ರೈತ, ಅದಕ್ಕೆ ನಾನೂ ರೈತ. ಫ್ರ್ಯಾಂಕ್ ಸತ್ತ, ನನ್ನ ಕೈ ಜಡ್ಡುಗಟ್ಟಿದ್ದೆಲ್ಲ ಸುಳ್ಳಾಯ್ತು. ಈಗ ಲೂಮಿರ್ ರೈತ ಅಂತ ಮತ್ತೆ ನಾನು ರೈತಳಾಗ್ಬೇಕಾ? ಇನ್ನೊಬ್ಬ ಸಾಯೋವರೆಗೆ?"

ಅವಳು ಲೂಮಿರನ ಕಡೆ ತಿರುಗಿದಳು.

"ರಾಜ್ಯದವರು ನಾನೇ ಬೇಸಾಯ ಮಾಡೋಳು ಅಂತ ನನ್ನ ಹೆಸರಲ್ಲಿ ಬರೆದು ಕೊಡ್ಲಿ. ಅಲ್ಲೀವರೆಗೂ ಮದುವೆ ಇಲ್ಲ. ತಿಳೀತಾ?"

"ತಿಳೀತು," ಅಂದ ಲೂಮಿರ್.

ಅಲ್ಬೀನಾ ಕೈಚೀಲ ಮೊಣಕೈಗೆ ಸಿಕ್ಕಿಸಿಕೊಂಡು ಹೊರಟಳು. ಅವಳ ಪಿಕಪ್ಪು ಸ್ಟಾರ್ಟಾದ ಸದ್ದು ಕೇಳಿತು, ದೂರವಾಯಿತು. ಲೂಮಿರ್ ಟೋಪಿ ಹಿಡಿದು ನಿಂತೇ ಇದ್ದ. ಹೊಲವೂ ಹೋಯಿತು, ಅವಳೂ ಹೋದಳು ಎಂಬ ಲೆಕ್ಕದಲ್ಲಿದ್ದ ಅವನು.

"ಬೇಜಾರಾಯ್ತು ನಂಗೆ," ಅಂದ ಮೆಲ್ಲಗೆ. "ಇಲ್ಲ ಅಂದ್ಬಿಟ್ಳು."

"ಯಾರು ಇಲ್ಲ ಅಂದಿದ್ದು?" ಎರ್ವಿನ್ ಕಣ್ಣು ಬಿಟ್ಟ.

"ಮದುವೆ ಇಲ್ಲ ಅಂದಳಲ್ಲ."

"ಅಯ್ಯೋ ಹುಚ್ಚಪ್ಪ," ಅಂದ ಡ್ವೇನ್. ಆ ದಿನವೆಲ್ಲ ಅವನಿಂದ ಬಂದ ಒಳ್ಳೆಯ ಮಾತು ಅದೊಂದೇ. "'ಅಲ್ಲೀವರೆಗೂ' ಅಂದ್ಳು ಕಣೋ. ಅಲ್ಲೀವರೆಗೂ!"

ಲೂಮಿರ್ ಆ ಮಾತನ್ನು ಮನಸ್ಸಿನಲ್ಲಿ ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿಕೊಂಡ. ಅವನ ಮುಖ ಬದಲಾದದ್ದನ್ನು ಮೂವರೂ ಕಂಡರು, ಕಂಡು ಬೇರೆ ಕಡೆ ನೋಡಿದರು. ಟೋಪಿ ಹಾಕಿಕೊಂಡು ಅವನು ಗ್ರೆಗ್‌ನ ಹತ್ತಿರ ಹೋದ.

"ರಾಜ್ಯದ ಕಚೇರಿಯಿಂದ ಉತ್ತರ ಬರೋಕೆ ಎಷ್ಟು ದಿನ ಆಗತ್ತೆ?"

"ಆರೆಂಟು ತಿಂಗಳು. ಕೆಲವು ಸಲ ವರ್ಷ."

ಬಿತ್ತಿದ ಮೇಲೆ ಮಳೆಗೆ ಕಾಯುತ್ತ, ಮಳೆ ಬಂದ ಮೇಲೆ ಬೆಲೆಗೆ ಕಾಯುತ್ತ, ಸರ್ಕಾರದ ಚೆಕ್ಕು ಎಷ್ಟು ತಡವಾದರೂ ಒಂದು ಮಾತು ಕೇಳದೆ ಕಾಯುತ್ತ ಬಂದ ಲೂಮಿರ್ ಕುಬಿಚೆಕ್, ಕಿಸೆಯಿಂದ ಪಿಕಪ್ಪಿನ ಬೀಗದಕೈ ಹೊರತೆಗೆದ.

"ಆ ಕಚೇರಿ ಲಿಂಕನ್‌ನಲ್ಲಿ ಯಾವ ಬೀದಿಯಲ್ಲಿದೆ?" ಅಂದ. "ಫೈಲು ಇಲ್ಲಿ ಕೊಡಿ. ನಾನೇ ಕೊಟ್ಟು ಬರ್ತೀನಿ."